ಮುಖ ನೋಡಿ ಹೇಳಿದ ಉತ್ತರಗಳು

ಅಥವಾ ಆ ಗೋಡೆಗೆ ಹಸಿರು ಬಣ್ಣ ಬಳಿದವಳು ನಾನೇ ಇರಬೇಕು. ಅವಳು ಬಣ್ಣದ ಮಾತು ಎತ್ತಿದ್ದು ನನಗೆ ನೆನಪಿಲ್ಲ. ಆದರೂ ಅವಳು ಪರೀಕ್ಷೆಗೆ ಕೂತ ಆ ಕೋಣೆ ಕಣ್ಣಿಗೆ ಬಂದಾಗಲೆಲ್ಲ ಗೋಡೆಯ ಕೆಳಗಿನ ಅರ್ಧ ಹಸಿರು, ಮೇಲಿನದು ಸುಣ್ಣದ ಬಿಳಿ. ಕಿಟಕಿಯಡಿ ಕೋಣೆ ಕಾಯಿಸುವ ಕಬ್ಬಿಣದ ಕೊಳವೆ. ಹೊರಗೆ ಹಿಮ. ಒಂದು ಮೇಜು, ಮೇಜಿನ ಮೇಲೆ ಬೋರಲು ಹಾಕಿದ ಚೀಟಿಗಳು, ಆಚೆ ಬದಿಗೆ ಉಣ್ಣೆಯ ಶಾಲು ಹೊದ್ದ ದಪ್ಪನೆಯ ಹೆಂಗಸು. ಇಷ್ಟು ಸ್ಪಷ್ಟವಾಗಿ ಕಾಣುವುದೇ ನನ್ನ ಅನುಮಾನಕ್ಕೆ ಕಾರಣ. ನಾನು ಕಿರ್ಗಿಸ್ತಾನಕ್ಕೆ ಹೋದವಳಲ್ಲ. ಅದು ಭೂಪಟದಲ್ಲಿ ಎಲ್ಲಿದೆ ಅಂತ ಹುಡುಕಿದ್ದೇ ಅವಳು ಅಲ್ಲಿಗೆ ಹೊರಟ ಮೇಲೆ. ಅರ್ಧ ಹಸಿರು ಅರ್ಧ ಬಿಳಿ ಗೋಡೆ ಬಹುಶಃ ಭದ್ರಾವತಿಯದು. ಅಕ್ಕನ ಹೆರಿಗೆಗೆ ಅಂತ ಹೋಗಿ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತಿದ್ದಾಗ ನೋಡಿದ್ದು. ಅವಳು ಹುಟ್ಟಿದ ಆಸ್ಪತ್ರೆಯ ಗೋಡೆಯನ್ನು ಅವಳು ಪರೀಕ್ಷೆ ಕೊಟ್ಟ ದೇಶಕ್ಕೆ ಒಯ್ದು ನಿಲ್ಲಿಸಿದ್ದೇನೆ. ಹೀಗೆ ಎಷ್ಟು ವಸ್ತುಗಳನ್ನು ಅಲ್ಲಿಗೆ ಸಾಗಿಸಿದ್ದೇನೋ.

ಅವಳು ನನ್ನ ಅಕ್ಕನ ಮಗಳು. ಇಲ್ಲಿ ಮೆಡಿಕಲ್ ಸೀಟು ಸಿಗಲಿಲ್ಲ, ಅಲ್ಲಿ ಸಿಕ್ಕಿತು. ನಮ್ಮ ಜಿಲ್ಲೆಯಿಂದ ಹಾಗೆ ಹೋದವರು ಅವಳೊಬ್ಬಳೇ ಅಲ್ಲ. ಆರು ವರ್ಷ ಓದಿ ಪದವಿ ತಂದಳು. ಅಲ್ಲಿಯ ಪದವಿ ತಂದವರು ಇಲ್ಲಿ ಇನ್ನೊಂದು ಸ್ಕ್ರೀನಿಂಗ್ ಪರೀಕ್ಷೆ ಪಾಸು ಮಾಡಬೇಕು. ಆಮೇಲೆಯೇ ರೋಗಿಯ ಕೈ ಹಿಡಿಯಬಹುದು. ಪರೀಕ್ಷೆ ಕಂಪ್ಯೂಟರಿನ ಮುಂದೆ. ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಒಂದನ್ನು ಒತ್ತಬೇಕು. ಅರ್ಧದಷ್ಟು ಅಂಕ ಬಂದರೆ ಸಾಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಷ್ಟು ಸುಲಭದಲ್ಲಿ ವಿವರಿಸಬಹುದಾದ ಆ ಪರೀಕ್ಷೆಯಲ್ಲಿ ಅವಳು ಎರಡು ಸಲ ಫೇಲಾಗಿದ್ದಳು.

ಭದ್ರಾವತಿಯ ಮನೆಯಲ್ಲಿ ಕೂತು ಓದುವುದು ಅವಳಿಗೆ ಸಾಧ್ಯವಾಗುತ್ತಿರಲಿಲ್ಲ. ಭಾವ ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗಿ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುವವರು. ಹೋಗಿಬರುವವರೆಲ್ಲ ಅವರನ್ನು ಮಾತಾಡಿಸಿ, ಹಾಗೇ ಒಳಗೆ ಇಣುಕಿ "ಡಾಕ್ಟರ್ ಇದಾರಾ?" ಅನ್ನುವರು. ಪಕ್ಕದ ಮನೆಯ ತಮಿಳು ಅಜ್ಜಿ ಅವಳಿಗೆ ಇಟ್ಟ ಹೆಸರು ಡಾಕ್ಟರ್ ಪಾಪಾ. ದಿನಕ್ಕೊಂದು ಮಾತ್ರೆಯ ಪಟ್ಟಿ ಹಿಡಿದು ಬಂದು, "ಡಾಕ್ಟರ್ ಪಾಪಾ, ಇದು ಬಿಪಿದಾ, ಶುಗರ್‌ದಾ, ನೋಡಿ ಹೇಳು ಕಣ್ಣು" ಅಂತ ತಮಿಳಿನಲ್ಲಿ ಮುದ್ದು ಮಾಡಿ ಕೇಳುವುದು. ಅವಳು ನಗುತ್ತ ಹೇಳುತ್ತಿದ್ದಳು. ಆಗ ಇನ್ನೂ ನಗುತ್ತಿದ್ದಳು. ಎರಡನೇ ಸಲದ ಫಲಿತಾಂಶ ಬಂದ ಮೇಲೆ ಅಕ್ಕ ನನಗೆ ಫೋನ್ ಮಾಡಿ, "ನಿನ್ನ ಹತ್ರ ಇರ್ಲಿ ಮಾರಾಯ್ತಿ, ಇಲ್ಲಿ ಅವಳು ಉಸಿರೇ ಬಿಡ್ತಿಲ್ಲ" ಅಂದಳು. ನನ್ನದು ಶಿವಮೊಗ್ಗದಲ್ಲಿ, ಗೋಪಾಳದ ಒಂದು ಮನೆ. ನಾನೊಬ್ಬಳೇ. ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಸಂಜೆ ಕಾಲೇಜಿನಿಂದ ಬಂದು ಅವಳನ್ನು ಕೂರಿಸಿಕೊಂಡು ಓದಿಸುವುದು ಅಂತಾಯಿತು.

ಮೊದಲ ವಾರ ಅವಳು ಪುಸ್ತಕ ತೆಗೆಯಲಿಲ್ಲ. ಅಲ್ಲಿಯ ಪರೀಕ್ಷೆಯ ಕಥೆ ಹೇಳಿದಳು. ಬೋರಲು ಹಾಕಿದ ಚೀಟಿಗಳಲ್ಲಿ ಒಂದನ್ನು ಎತ್ತಬೇಕಂತೆ. ಚೀಟಿಯಲ್ಲಿ ಇರುವ ವಿಷಯದ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಲು ಬಿಡುತ್ತಾರಂತೆ. ಆಮೇಲೆ ಪ್ರೊಫೆಸರಮ್ಮನ ಎದುರು ಕೂತು ಬಾಯಿಬಿಟ್ಟು ಹೇಳಬೇಕು. ತಡವರಿಸಿದರೆ ಆಕೆ "ದಾಲ್ಶೆ, ದಾಲ್ಶೆ" ಅನ್ನುವಳಂತೆ. ಹಾಗೆಂದರೆ ಮುಂದೆ, ಮುಂದೆ ಹೇಳು. ಪೂರ್ತಿ ದಾರಿ ತಪ್ಪಿದರೆ ಇನ್ನೊಂದು ಪ್ರಶ್ನೆ ಕೇಳಿ ದಾರಿಗೆ ತರುವಳಂತೆ. ಒಂದು ಕ್ಲಾಸು ತಪ್ಪಿಸಿದರೂ ಆ ಪಾಠವನ್ನು ಮೇಷ್ಟ್ರ ಎದುರು ಕೂತು ಒಪ್ಪಿಸಿಯೇ ಮುಗಿಸಬೇಕಂತೆ.

"ಅಲ್ಲಿ ನಾಲ್ಕು ಉತ್ತರ ಇರ್ಲಿಲ್ಲ ಚಿಕ್ಕಮ್ಮ. ನನ್ನದೊಂದೇ ಇರ್ತಿತ್ತು."

ಈ ಮಾತನ್ನು ಅವಳು ಹೇಳಿದಳು ಅಂತ ಎಷ್ಟೋ ಸಲ, ಎಷ್ಟೋ ಕಡೆ ಹೇಳಿದ್ದೇನೆ. ಈಗ ಬರೆದು ನೋಡಿದರೆ ಇದು ನನ್ನ ವಾಕ್ಯದ ಹಾಗೆ ಕೇಳಿಸುತ್ತಿದೆ. ಅವಳು ಇಷ್ಟು ಚಂದ ಮಾಡಿ ಮಾತಾಡುವ ಹುಡುಗಿಯಲ್ಲ. ಬಹುಶಃ "ಅಲ್ಲಿ ಆಪ್ಷನ್ ಇರ್ಲಿಲ್ಲ" ಅಂದಿರಬೇಕು, ಅಷ್ಟೇ.

ಪುಸ್ತಕ ತೆಗೆದ ಮೇಲೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ಮೊದಲು ಚೀಟಿ. ನಾನು ಹಳೆಯ ಉತ್ತರಪತ್ರಿಕೆಗಳ ಹಿಂಬದಿ ಹರಿದು ಕಾಯಿಲೆಯ ಹೆಸರು ಬರೆದು ಊಟದ ಮೇಜಿನ ಮೇಲೆ ಹರಡುವುದು, ಅವಳು ಎತ್ತುವುದು, ಹೇಳುವುದು. ಅವಳು ಹೇಳುವುದನ್ನು ಕೇಳಿದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಮೈಟ್ರಲ್ ಸ್ಟಿನೋಸಿಸ್ ಅಂತ ಒಂದು ಚೀಟಿ. ಹೃದಯದ ಒಳಗಿನ ಒಂದು ಬಾಗಿಲು ಕಿರಿದಾಗುವ ಕಾಯಿಲೆ. ನನಗೆ ಅವತ್ತಿನವರೆಗೂ ಹೃದಯಕ್ಕೆ ಬಾಗಿಲುಗಳಿವೆ ಅಂತಲೇ ಗೊತ್ತಿರಲಿಲ್ಲ.

"ಒಬ್ಬಳು ಹೆಂಗಸು ಬರ್ತಾಳೆ," ಅಂತ ಶುರು ಮಾಡಿದಳು. "ಮೆಟ್ಟಿಲು ಹತ್ತಿದ್ರೆ ಏದುಸಿರು. ಕೆನ್ನೆ ಕೆಂಪಗಿರುತ್ತೆ, ಆರೋಗ್ಯ ಇರೋರ ಥರ ಕಾಣುತ್ತೆ, ಅಲ್ಲ. ಕೇಳಿದ್ರೆ, ಚಿಕ್ಕಂದಿನಲ್ಲಿ ಗಂಟಲು ನೋವು ಬಂದು ಆಮೇಲೆ ಕೀಲೆಲ್ಲ ಊದ್ಕೊಂಡು ಜ್ವರ ಬಂದಿತ್ತು ಅಂತಾಳೆ."

"ಆಮೇಲೆ?"

"ಆ ಜ್ವರಾನೇ ಬಾಗಿಲಿಗೆ ಪೆಟ್ಟು ಕೊಟ್ಟಿರುತ್ತೆ. ವರ್ಷಗಟ್ಟಲೆ ಗೊತ್ತಾಗಲ್ಲ. ಬಸುರಿ ಆದಾಗ ಗೊತ್ತಾಗುತ್ತೆ, ತುಂಬ ಸಲ."

"ಆಮೇಲೆ?"

ನನಗೆ ಗೊತ್ತಿದ್ದದ್ದು ಅದೊಂದೇ ಪ್ರಶ್ನೆ. ಅದಕ್ಕೇ ಅವಳು ಅರ್ಧ ಗಂಟೆ ಹೇಳಿದಳು. ಅವಳ ಕೈ ಗಾಳಿಯಲ್ಲಿ ಯಾರದೋ ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟು ಸರಿಸುತ್ತಿತ್ತು.

ಚೀಟಿ ಮುಗಿದ ಮೇಲೆ ನಾಲ್ಕು ಉತ್ತರದ ಪುಸ್ತಕ. ಆ ದಪ್ಪ ಪುಸ್ತಕದಲ್ಲಿ ಪ್ರತಿ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಸರಿಯುತ್ತರ ಅಚ್ಚಾಗಿರುತ್ತದೆ. ಪುಸ್ತಕ ನನ್ನ ಕೈಯಲ್ಲಿ. ನಾನು ಕೆಳಗೆ ನೋಡಿಕೊಂಡು ಪ್ರಶ್ನೆ ಓದುವುದು, ಅವಳು ಉತ್ತರ ಹೇಳುವುದು. ನನ್ನ ಉಚ್ಚಾರಣೆಗೆ ಅವಳು ನಗುತ್ತಿದ್ದಳು.

"ಎರಡು ವರ್ಷದ ಮಗು. ನಾಯಿ ಬೊಗಳಿದ ಹಾಗೆ ಕೆಮ್ಮು. ಯಾವ ವೈರಸ್ಸು? ಎ, ಅಡಿನೋ. ಬಿ, ಪ್ಯಾರಾ... ಪ್ಯಾರಾ ಇನ್‌ಫ್ಲು..."

"ಬಿ."

"ಏ, ಪೂರ್ತಿ ಓದೋಕೆ ಬಿಡೇ."

"ನೀನು ಓದೋ ಹೊತ್ತಿಗೆ ಮಗು ಶಾಲೆಗೆ ಸೇರಿರುತ್ತೆ ಚಿಕ್ಕಮ್ಮ."

ಸರಿಯುತ್ತರ. ಮುಂದಿನದೂ ಸರಿ. ತಪ್ಪುವುದು ಅಪರೂಪ. ನಾನು ಅಕ್ಕನಿಗೆ ಫೋನ್ ಮಾಡಿ, "ಈ ಸಲ ಆಗುತ್ತೆ ಕಣೇ, ನಾನು ಓದೋದ್ರೊಳಗೆ ಹೇಳ್ತಾಳೆ" ಅಂದೆ. ಅಕ್ಕ ಶಿವಮೊಗ್ಗಕ್ಕೆ ಬಂದು ಕೋಟೆಯ ದೇವಸ್ಥಾನಕ್ಕೆ ಹರಕೆ ಹೊತ್ತು ಹೋದಳು. ಹೋಗುವಾಗ ಮಗಳ ಮುಖ ಎರಡೂ ಕೈಯಲ್ಲಿ ಹಿಡಿದು, "ಮುಖ ತುಂಬ್ಕೊಂಡಿದೆ" ಅಂದಳು.

ಅದೇ ದಿನಗಳಲ್ಲಿ ಶಂಕರಘಟ್ಟದ ವಿಶ್ವವಿದ್ಯಾಲಯದಿಂದ ಒಬ್ಬರು ಸ್ನೇಹಿತರು ಫೋನ್ ಮಾಡಿದರು. ಅಲ್ಲಿ ಶಿಕ್ಷಣದ ವಿಭಾಗದಲ್ಲಿ ಪಾಠ ಮಾಡುವವರು. ಎರಡು ದೇಶಗಳ ಶಿಕ್ಷಣ ಪದ್ಧತಿಯನ್ನು ಹೋಲಿಸಿ ನಮ್ಮ ವಿದ್ಯಾರ್ಥಿಗಳಿಗೆ ಮಾತಾಡಿ ಅಂದರು. ನಾನು ಕಾಗದದ ಮಧ್ಯೆ ಗೆರೆ ಎಳೆದು ಎರಡು ಭಾಗ ಮಾಡಿಕೊಂಡೆ. ಆ ಕಡೆ ಅವಳು ಹೇಳಿದ್ದು, ಈ ಕಡೆ ನನಗೆ ಗೊತ್ತಿದ್ದದ್ದು. ಅಲ್ಲಿ ಚೀಟಿ, ಇಲ್ಲಿ ಕಂಪ್ಯೂಟರು. ಅಲ್ಲಿ ತಪ್ಪಿದ ಪಾಠ ಒಪ್ಪಿಸಬೇಕು, ಇಲ್ಲಿ ಹಾಜರಾತಿ ಇದ್ದರೆ ಸಾಕು. ಗೆರೆ ಎಳೆದ ಮೇಲೆ ಎಲ್ಲವೂ ತಾವಾಗಿ ಎರಡು ಕಡೆ ಹೋಗಿ ಕೂತವು. ಅಷ್ಟು ಸಲೀಸಾಗಿ ಕೂತದ್ದಕ್ಕೆ ನನಗೆ ಆಗಲೇ ಗಾಬರಿಯಾಗಬೇಕಿತ್ತು. ಬಸ್ಸು ತುಂಬ ವಿದ್ಯಾರ್ಥಿಗಳ ನಡುವೆ ನಿಂತುಕೊಂಡು ಹೋದೆ. ಭಾಷಣದಲ್ಲಿ "ಅಲ್ಲಿ ಪರೀಕ್ಷೆ ಅಂದರೆ ಎದುರಿಗೆ ಕೂತ ಒಬ್ಬ ಮನುಷ್ಯ, ಇಲ್ಲಿ ಒಂದು ಪರದೆ" ಅಂದೆ. ಚಪ್ಪಾಳೆ ಬಿತ್ತು. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತು, "ಮೇಡಂ, ಎದುರಿಗೆ ಕೂತೋರು ಅಷ್ಟು ಸಹಾಯ ಮಾಡಿದ್ರೆ ಅಲ್ಲಿ ಫೇಲ್ ಆಗೋದು ಯಾರು?" ಅಂತ ಕೇಳಿದಳು. ನಾನು ಏನೋ ತಮಾಷೆ ಮಾಡಿ ಎಲ್ಲರನ್ನೂ ನಗಿಸಿದೆ. ಏನು ತಮಾಷೆ ಅಂತ ಎಷ್ಟು ನೆನೆದರೂ ಬರುತ್ತಿಲ್ಲ. ಆ ಹುಡುಗಿ ಮಾತ್ರ ನಗದೆ ಕೂತದ್ದು ನೆನಪಿದೆ. ಇಲ್ಲ, ಅದೂ ಅನುಮಾನ. ನಗದ ಹುಡುಗಿ ನನಗೆ ಈಗ ಬೇಕಾಗಿದ್ದಾಳೆ, ಅದಕ್ಕೇ ಅವಳು ನಗುತ್ತಿಲ್ಲ.

ಮೂರನೇ ಸಲವೂ ಅವಳು ಫೇಲಾದಳು.

ಫಲಿತಾಂಶ ನೋಡಿದ್ದು ನನ್ನ ಅಡುಗೆಮನೆಯಲ್ಲಿ, ಬೆಳಗ್ಗೆ. ಫೋನಿನಲ್ಲಿ ಉದ್ದ ಪಟ್ಟಿ. ಅವಳು ಬೆರಳಿನಿಂದ ಮೇಲೆ ತಳ್ಳುತ್ತ ಹೋದಳು, ನಿಲ್ಲಿಸಿದಳು, ಫೋನನ್ನು ಬೋರಲು ಹಾಕಿದಳು. "ಚಟ್ನಿಗೆ ಉಪ್ಪು ಹಾಕಿದ್ಯಾ?" ಅಂತ ಕೇಳಿದಳು. ನಾನು "ಹಾಕಿದೀನಿ" ಅಂದೆ. ಹಾಕಿರಲಿಲ್ಲ. ಇಬ್ಬರೂ ಹಾಗೇ ತಿಂದೆವು. ಮಧ್ಯಾಹ್ನ ಭಾವ ಫೋನ್ ಮಾಡಿದರು. ಅವರ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಸಹಿಸಬಹುದಿತ್ತು. "ಇನ್ನೊಂದು ಸಲ ಬರೀಲಿ ಬಿಡಮ್ಮ. ಅವಳಿಗೆ ಗೊತ್ತಿಲ್ಲದ್ದು ಏನಿದೆ? ಆ ಕಂಪ್ಯೂಟರಿಗೇ ಗೊತ್ತಾಗಲ್ಲ" ಅಂದರು. ಅಕ್ಕ ಫೋನಿಗೆ ಬರಲಿಲ್ಲ.

ನಾವೂ ಹಾಗೇ ನಂಬಿದೆವು. ಗೊತ್ತಿದೆ, ಕಂಪ್ಯೂಟರಿನ ಮುಂದೆ ಹೆದರಿಕೆ, ಅಷ್ಟೇ. ದಪ್ಪ ಪುಸ್ತಕ ಎರಡು ಸಲ ಮುಗಿದಿತ್ತು. ಅವಳು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಳು. ಅದರಲ್ಲಿ ಯಾವುದಾದರೂ ಒಂದನ್ನು ಒತ್ತಿದ ಮೇಲಷ್ಟೇ ಸರಿಯುತ್ತರ ಕಾಣುತ್ತದೆ. ಅಭ್ಯಾಸ ಬಿಡುವುದು ಬೇಡ ಅಂತ ಅದನ್ನೂ ನಾನೇ ಓದಿದೆ. ಮೊದಲ ಪ್ರಶ್ನೆಗೆ ಅವಳು ಉತ್ತರ ಹೇಳಲಿಲ್ಲ. ನನ್ನನ್ನೇ ನೋಡುತ್ತ ಕೂತಳು.

"ಏನೇ ನೋಡ್ತೀಯ? ಹೇಳು."

"ಇನ್ನೊಂದ್ಸಲ ಓದು."

ಓದಿದೆ. ಮತ್ತೆ ನೋಡಿದಳು. ಕಡೆಗೆ ಯಾವುದೋ ಒಂದು ಹೇಳಿದಳು, ತಪ್ಪು. ಎರಡನೆಯದು ತಪ್ಪು. ಮೂರನೆಯದು ಸರಿ, ಆಮೇಲೆ ಸಾಲಾಗಿ ತಪ್ಪು. "ಈ ಆ್ಯಪ್ ಕಷ್ಟದ್ದಿರಬೇಕು ಕಣೇ" ಅಂದೆ. ಅವಳು ಎದ್ದು ಹಳೆಯ ದಪ್ಪ ಪುಸ್ತಕ ತಂದು ಕೊಟ್ಟಳು. ಅದರಲ್ಲಿ ಓದಿದೆ. ಪಟಪಟನೆ ಸರಿಯುತ್ತರ. ಎರಡೋ ಮೂರೋ ದಿನ ಹೀಗೇ ನಡೆಯಿತು. ಪುಸ್ತಕದಲ್ಲಿ ಗೆಲ್ಲುವುದು, ಫೋನಿನಲ್ಲಿ ಸೋಲುವುದು.

ಮುಂದಿನದನ್ನು ನಾನು ಎರಡು ರೀತಿ ನೆನೆಯುತ್ತೇನೆ. ಒಂದರಲ್ಲಿ ಉಪಾಯ ಹೇಳಿದ್ದು ಅವಳು. ಇನ್ನೊಂದರಲ್ಲಿ ನಾನು, ತಮಾಷೆಗೆ. ಎರಡನೆಯದಾಗಿದ್ದರೆ ಇಷ್ಟೆಲ್ಲ ನನ್ನಿಂದಲೇ ಆದಂತೆ, ಹಾಗಾಗಿ ಮೊದಲನೆಯದನ್ನು ಬರೆಯುವುದು ನನಗೆ ಅನುಕೂಲ. ಅನುಕೂಲದ್ದು ಅಂತ ತಿಳಿದೇ ಓದಿಕೊಳ್ಳಬೇಕು.

"ಚಿಕ್ಕಮ್ಮ, ಒಂದು ಕೆಲಸ ಮಾಡು. ಕೆಳಗಿರೋ ಉತ್ತರ ನೋಡ್ಬೇಡ. ನೀನೇ ಮನಸ್ಸಿನಲ್ಲಿ ಒಂದು ಉತ್ತರ ಇಟ್ಕೋ. ತಪ್ಪಾದ್ರೂ ಪರವಾಗಿಲ್ಲ. ಅದೇ ಸರಿ ಅಂದ್ಕೊಂಡು ಓದು."

"ಎಂತಕ್ಕೇ?"

"ಓದು."

ನಾನು ಪುಟ ಮಗುಚಿದೆ. ಮೈಟ್ರಲ್ ಸ್ಟಿನೋಸಿಸ್‌ಗೆ ಅತಿ ಸಾಮಾನ್ಯ ಕಾರಣ ಯಾವುದು ಅಂತ ಪ್ರಶ್ನೆ. ಇದು ನನಗೂ ಗೊತ್ತಿತ್ತು, ಚಿಕ್ಕಂದಿನ ಆ ಕೀಲುಜ್ವರ. ಹಾಗಾಗಿ ಬೇಕೆಂದೇ ಡಿ ಇಟ್ಟುಕೊಂಡೆ. ಹುಟ್ಟಿನಿಂದ ಬಂದ ದೋಷ ಅಂತಿತ್ತು ಅದರಲ್ಲಿ. ಎ, ಬಿ, ಸಿ, ಡಿ, ನನ್ನ ಮಟ್ಟಿಗೆ ಒಂದೇ ದನಿಯಲ್ಲಿ ಓದಿದೆ.

"ಡಿ," ಅಂದಳು. "ಹುಟ್ಟಿನಿಂದ್ಲೇ ಬರೋದು. ಬಾಗಿಲಿನ ಎಲೆಗಳು ಬೆಳೆಯೋವಾಗ್ಲೇ ಅಂಟ್ಕೊಂಡಿರುತ್ತೆ, ಅದಕ್ಕೆ."

ಕಾರಣವನ್ನೂ ಕೊಟ್ಟಳು. ಇದೇ ಮೇಜಿನ ಮೇಲೆ, ಇದೇ ಕಾಯಿಲೆಯ ಬಗ್ಗೆ ಅರ್ಧ ಗಂಟೆ ಹೇಳಿದ್ದ ಹುಡುಗಿ. ಅವಳಿಗೆ ನನ್ನ ಮುಖದಿಂದಲೇ ಗೊತ್ತಾಯಿತು, ಬೇರೆ ಯಾವುದರಿಂದ ಗೊತ್ತಾಗಬೇಕು. "ಇನ್ನೊಂದು" ಅಂದಳು. ಇನ್ನೊಂದಕ್ಕೂ ಹಾಗೇ ಆಯಿತು. "ಇನ್ನೊಂದು." ನಾನು ಯಾವ ತಪ್ಪನ್ನು ಮನಸ್ಸಿನಲ್ಲಿ ಇಟ್ಟುಕೊಂಡೆನೋ ಅದು ಅವಳ ಬಾಯಿಂದ ಬಂತು, ಧೈರ್ಯವಾಗಿ, ವಿವರಣೆಯ ಜೊತೆ. ಪ್ರತಿಯೊಂದೂ ಬಂತು ಅಂತಲ್ಲ, ಒಂದೆರಡು ಬಿಟ್ಟುಹೋಗಿರಬೇಕು. ನೆನಪು ಅವನ್ನು ಇಟ್ಟುಕೊಂಡಿಲ್ಲ.

ಪುಸ್ತಕ ಮುಚ್ಚಿದೆ. ಅವಳು ಮೇಜಿನ ಮೇಲೆ ಎರಡೂ ಅಂಗೈ ಊರಿ ಕೂತಿದ್ದಳು.

"ನಾನು ಏನ್ ಮಾಡ್ತಿದೀನಿ?" ಅಂತ ಕೇಳಿದೆ. "ದನಿ ಎತ್ತರ ಆಗುತ್ತಾ?"

"ಗೊತ್ತಿಲ್ಲ. ನಾನು ನೋಡ್ತಿದೀನಿ ಅಂತಾನೇ ನನಗೆ ಗೊತ್ತಿರ್ಲಿಲ್ಲ." ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, "ಅಲ್ಲೂ ಹೀಗೇ ಪಾಸಾಗಿದ್ನಾ ಚಿಕ್ಕಮ್ಮ? ಆರು ವರ್ಷಾನೂ?"

ನಾನು ಅಲ್ಲಿರಲಿಲ್ಲ.

ಮರುದಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನನ್ನ ದನಿ ನನಗೇ ಕೇಳಿಸಿತು. ಒಂದು ಪದ್ಯದ ಅಲಂಕಾರ ಕೇಳುತ್ತಿದ್ದೆ. "ಇದು ಉಪಮೆಯೋ, ರೂಪ...?" ಅಂತ ಎಳೆದು ನಿಲ್ಲಿಸಿದೆ. ಇಡೀ ತರಗತಿ "ಕ!" ಅಂತ ಪೂರ್ತಿ ಮಾಡಿತು. ನಾನು "ಶಭಾಷ್" ಅಂದೆ. ನಮ್ಮಲ್ಲಿ ಎಲ್ಲರೂ ಹೀಗೆಯೇ ಪಾಠ ಮಾಡುವುದು. ನನಗೆ ಪಾಠ ಮಾಡಿದವರೂ ಹೀಗೇ. ಶರಾವತಿ ಹುಟ್ಟುವುದು ಎಲ್ಲಿ ಮಕ್ಕಳೇ, ಅಂಬು...? ಅರವತ್ತು ಬಾಯಿ ಒಟ್ಟಿಗೆ, ತೀರ್ಥ! ಮೇಷ್ಟ್ರ ಬಾಯಿಯ ಆಕಾರ ನೋಡಿಕೊಂಡು ಉತ್ತರದ ಬಾಲ ಹಿಡಿಯುವುದನ್ನು ನಾವು ಒಂದನೇ ಕ್ಲಾಸಿನಿಂದ ಕಲಿತವರು. "ಇದು ಸರೀನಾ?" ಅಂದರೆ ತಪ್ಪು, "ಇದು ಸರಿ ಅಲ್ವಾ?" ಅಂದರೆ ಸರಿ. ಅವಳು ಓದಿದ್ದು ಭದ್ರಾವತಿಯ ಶಾಲೆಯಲ್ಲಿ, ಕ್ಲಾಸಿಗೇ ಮೊದಲು.

ಹಾಗಾದರೆ ನನ್ನ ಕಾಗದದ ಆ ಗೆರೆ ಎಲ್ಲಿ ಹೋಯಿತು? ಉಣ್ಣೆಯ ಶಾಲಿನ ಹೆಂಗಸು "ದಾಲ್ಶೆ" ಅಂದಾಗ ಅವಳು ಕೇಳಿಸಿಕೊಂಡದ್ದು ಅಂಬು ಅಂತ ಎಳೆದು ನಿಲ್ಲಿಸುವ ನಮ್ಮ ಮೇಷ್ಟ್ರನ್ನೇ ಇರಬಹುದು. ಅಥವಾ ಆ ಹೆಂಗಸು ಕಲ್ಲಿನಂಥ ಮುಖ ಹೊತ್ತು ಕೂತಿದ್ದು, ಅವಳು ನಿಜವಾಗಿಯೇ ಗೊತ್ತಿದ್ದನ್ನು ಹೇಳಿ ಪಾಸಾಗಿರಬಹುದು. ಹಾಗಿದ್ದರೆ ಅವಳನ್ನು ಕೆಡಿಸಿದ್ದು ನನ್ನ ಊಟದ ಮೇಜು. ಒಂದು ದೇಶ ಕಲಿಸಿದ್ದನ್ನು ಇನ್ನೊಂದು ದೇಶ ಅಳಿಸಿತೋ, ಒಂದು ದೇಶ ಕಲಿಸಿದ ಕಳ್ಳದಾರಿಯಲ್ಲೇ ಇನ್ನೊಂದು ದೇಶ ದಾಟಿಸಿತೋ. ಸ್ನೇಹಿತರು ಭಾಷಣವನ್ನು ಲೇಖನ ಮಾಡಿಕೊಡಿ ಅಂತ ಕೇಳುತ್ತಲೇ ಇದ್ದರು. ನಾನು ಫೋನ್ ಎತ್ತುವುದನ್ನು ಬಿಟ್ಟೆ.

ಸರಿಪಡಿಸಲು ನೋಡಿದೆವು. ನಾನು ಗೋಡೆಗೆ ಮುಖ ಮಾಡಿ ಓದಿದೆ. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬರುವುದನ್ನು ಹೇಳುವ ದನಿಯಲ್ಲಿ, "ದಯವಿಟ್ಟು ಗಮನಿಸಿ, ಎ, ಅಡಿನೋ ವೈರಸ್ಸು" ಅಂತ ಓದಿದೆ. ಒಂದು ಸಲ ನಕ್ಕಳು. ಆಮೇಲೆ, "ನೀನು ಓದೋದೇ ಬೇಡ" ಅಂದು ಒಬ್ಬಳೇ ಕೂತಳು. ಬಾಗಿಲು ಹಾಕಿಕೊಂಡು, ಫೋನಿನ ಮುಂದೆ. ಎಷ್ಟು ಸರಿ ಬಂತು ಅಂತ ನಾನು ಕೇಳುತ್ತಿರಲಿಲ್ಲ. ಕೇಳುವಾಗ ನನ್ನ ಮುಖ ಹೇಗಿರುತ್ತದೋ ಅನ್ನುವ ಭಯ. ಮನೆಯೊಳಗೆ ಅವಳ ಎದುರು ಓಡಾಡುವುದೇ ಕಷ್ಟವಾಯಿತು. ಅವಳು ನನ್ನನ್ನು ನೋಡುವುದನ್ನು ಬಿಟ್ಟಳು. ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡೇ ಮಾತಾಡುವಳು.

ಚೀಟಿಗಳನ್ನು ಮತ್ತೆ ತೆಗೆಯೋಣ, ಅದರಲ್ಲಾದರೂ ಆಪ್ಷನ್ ಇಲ್ಲವಲ್ಲ, ಅಂದೆ. ಅವಳಿಗೆ ವಿಷಯ ಗೊತ್ತಿದೆ ಅನ್ನುವುದಕ್ಕೆ ನನ್ನ ಬಳಿ ಉಳಿದಿದ್ದ ಒಂದೇ ಸಾಕ್ಷಿ ಅದು.

"ಅದ್ರಲ್ಲೂ ನೀನು ಆಮೇಲೆ ಆಮೇಲೆ ಅಂತಿದ್ಯಲ್ಲ."

"ನನಗೆ ಆ ಕಾಯಿಲೆಗಳ ಬಗ್ಗೆ ಒಂದಕ್ಷರಾನೂ ಗೊತ್ತಿರ್ಲಿಲ್ವಲ್ಲೇ. ನನ್ನ ಮುಖದಲ್ಲಿ ಏನಿರೋಕೆ ಸಾಧ್ಯ?"

"ನಾನು ಹೇಳೋದು ಚೆನ್ನಾಗಿದ್ಯೋ ಇಲ್ವೋ ಅಂತ ಇರ್ತಿತ್ತು. ನಿಂಗೆ ಇಷ್ಟ ಆದ ಕಡೆ ನಾನು ಹೋಗ್ತಿದ್ದೆ."

ಚೀಟಿಗಳನ್ನು ಒಟ್ಟು ಮಾಡಿ ಕಸದ ಬುಟ್ಟಿಗೆ ಹಾಕಿದಳು.

ಯುಗಾದಿಗೆ ಇಬ್ಬರೂ ಭದ್ರಾವತಿಗೆ ಹೋದೆವು. ಅಕ್ಕ ಹೋಳಿಗೆ ಮಾಡಿದ್ದಳು. ಪಕ್ಕದ ಮನೆಯ ಅಜ್ಜಿ ಎಂದಿನಂತೆ ಮಾತ್ರೆಯ ಪಟ್ಟಿ ಹಿಡಿದು ಬಂದರು.

"ಡಾಕ್ಟರ್ ಪಾಪಾ, ಇದು ರಾತ್ರಿದಾ, ಬೆಳಗ್ಗೆದಾ?"

ಅವಳು ಪಟ್ಟಿಯನ್ನು ತೆಗೆದುಕೊಳ್ಳಲೇ ಇಲ್ಲ. "ನನಗೆ ಗೊತ್ತಿಲ್ಲ ಅಜ್ಜಿ. ಮೆಡಿಕಲ್ ಶಾಪಲ್ಲಿ ಕೇಳಿ."

"ಹೋದ ಸಲ ನೀನೇ ಹೇಳ್ದೆ?"

"ತಪ್ಪು ಹೇಳಿರ್ತೀನಿ."

ಅಜ್ಜಿ ನಕ್ಕು, "ಅಯ್ಯೋ, ಆರು ವರ್ಷ ಅಲ್ಲಿ ಐಸ್ ಮಾರ್ತಿದ್ಯಾ ಕಣ್ಣು?" ಅಂದರು. ಅದು ಪ್ರೀತಿಯ ಚುಡಾಯಿಸುವಿಕೆ. ಭಾವನೂ ನಕ್ಕರು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಎಂತ ಮಾಡಿದ್ಯೇ ನನ್ನ ಮಗಳಿಗೆ?" ಅಂದಳು. ಪಿಸುಮಾತಿನಲ್ಲಿ ಅಂದಳು, ಹಾಗಾಗಿ ಇನ್ನೂ ಜೋರಾಗಿ ಕೇಳಿಸಿತು. ಪುಸ್ತಕದ ವಿಷಯ ಹೇಳಿದೆ. ಅಕ್ಕನಿಗೆ ಅದು ಅರ್ಥವಾಗಲಿಲ್ಲ. "ಮುಖ ನೋಡಿ ಹೇಳಿದ್ಳಂತೆ. ಮತ್ತೆಂತ, ಗೋಡೆ ನೋಡಿ ಹೇಳ್ತಾರಾ? ಉತ್ತರ ಸರಿ ಇತ್ತಲ್ಲ!"

ವಾಪಸು ಬರುವ ಬಸ್ಸಿನಲ್ಲಿ ನಾನು ಒಂದು ಸಮಾಧಾನ ಕಟ್ಟಿದೆ. ದಾರಿಯುದ್ದಕ್ಕೂ ಯೋಚಿಸಿ ಕಟ್ಟಿದ್ದು. ಒಳ್ಳೆಯ ಡಾಕ್ಟರು ರೋಗಿಯ ಮುಖ ನೋಡಿಯೇ ಅರ್ಧ ಕಾಯಿಲೆ ಹೇಳುತ್ತಾರಲ್ಲ, ನಿನಗೆ ಮುಖ ಓದುವುದು ಇಷ್ಟು ಚೆನ್ನಾಗಿ ಬರುತ್ತದೆ, ಇದು ದೋಷ ಯಾಕಾಗಬೇಕು, ಇದೇ ನಿನ್ನ ವಿದ್ಯೆ ಇರಬಹುದು, ಅಂದೆ. ಹೇಳುವಾಗ ನನಗೇ ಕಣ್ಣು ಒದ್ದೆಯಾಯಿತು.

ಅವಳು ಕಿಟಕಿಯ ಕಡೆ ನೋಡಿಕೊಂಡೇ ಹೇಳಿದಳು: "ಕಥೆ ಕಟ್ಟಬೇಡ ಚಿಕ್ಕಮ್ಮ. ಮೇಷ್ಟ್ರಿಗೆ ಉತ್ತರ ಗೊತ್ತಿರುತ್ತೆ, ಅದಕ್ಕೆ ಮುಖದಲ್ಲಿ ಕಾಣುತ್ತೆ. ರೋಗಿಗೆ ಗೊತ್ತಿರಲ್ಲ. ರೋಗಿ ನನ್ನ ಮುಖ ನೋಡ್ತಿರ್ತಾನೆ."

ಇದನ್ನು ಮಾತ್ರ ನಾನು ತಿದ್ದಿಲ್ಲ. ಅವಳು ಹೇಳಿದ್ದೇ ಹೀಗೆ.

ನಾಲ್ಕನೇ ಸಲದ ಪರೀಕ್ಷೆಗೆ ನಾನೇ ಜೊತೆಗೆ ಹೋದೆ. ಬೆಂಗಳೂರಿನ ಹೊರವಲಯದ ಯಾವುದೋ ಕಾಲೇಜು. ಗೇಟಿನ ಹೊರಗೆ ನೂರಾರು ಅಪ್ಪಂದಿರು, ಅಮ್ಮಂದಿರು, ಫುಟ್‌ಪಾತಿನ ಮೇಲೆ ಪೇಪರು ಹಾಸಿಕೊಂಡು. ಒಬ್ಬರ ಮಗ ಚೀನಾದಲ್ಲಿ ಓದಿದ್ದು, ಒಬ್ಬರ ಮಗಳು ರಷ್ಯಾದಲ್ಲಿ. ಎಲ್ಲರೂ ಅಲ್ಲಿಯದು ಹೇಗೆ, ಇಲ್ಲಿಯದು ಹೇಗೆ ಅಂತ ಹೋಲಿಸಿ ಮಾತಾಡುತ್ತಿದ್ದರು. ಯಾರೂ ಅಲ್ಲಿಗೆ ಹೋದವರಲ್ಲ. ಒಬ್ಬರು ನನಗೆ ಸಮಾಧಾನ ಹೇಳಿದರು: "ಏನಿಲ್ಲ ಮೇಡಂ, ಗೊತ್ತಿಲ್ದಿರೋದಕ್ಕೆಲ್ಲ ಕಣ್ಣು ಮುಚ್ಕೊಂಡು ಸಿ ಒತ್ತಿ ಬಾ ಅಂತ ಹೇಳಿದೀನಿ ನನ್ನ ಮಗನಿಗೆ. ನೆಗೆಟಿವ್ ಇಲ್ವಲ್ಲ, ಕಾಲು ಭಾಗ ಅದರಲ್ಲೇ ಬರುತ್ತೆ."

ಸಂಜೆ ಅವಳು ಹೊರಗೆ ಬಂದಾಗ ಮುಖದಲ್ಲಿ ಏನೂ ಇರಲಿಲ್ಲ. ಹತ್ತಿರದ ಹೋಟೆಲಿನಲ್ಲಿ ಕಾಫಿ ತರಿಸಿದೆ.

"ಕೆಲವು ಬಿಟ್ಟೆ," ಅಂದಳು.

"ಟೈಮ್ ಸಾಲ್ಲಿಲ್ವಾ?"

"ಟೈಮಿತ್ತು. ನನಗೆ ನಿಜವಾಗ್ಲೂ ಗೊತ್ತು ಅನ್ಸಿದ್ದನ್ನಷ್ಟೇ ಒತ್ತಿದೆ. ಅನುಮಾನ ಬಂದಿದ್ದು ಒಂದೂ ಮುಟ್ಲಿಲ್ಲ."

ಮೊದಲು ಅರ್ಥವಾಗಲಿಲ್ಲ. ಆಮೇಲೆ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಇಟ್ಟೆ. "ಅಂಕ ಕಳೆಯಲ್ವಲ್ಲೇ! ಸುಮ್ನೆ ಯಾವುದಾದ್ರೂ ಒತ್ತಬಹುದಿತ್ತಲ್ಲ!" ಪಕ್ಕದ ಮೇಜಿನವರು ತಿರುಗಿ ನೋಡಿದರು. ನನ್ನ ಮುಖ ಅವತ್ತು ಹೇಗಿತ್ತೋ, ಅದನ್ನು ಮುಚ್ಚಿಕೊಳ್ಳಬೇಕು ಅನ್ನುವುದೂ ಮರೆತಿತ್ತು.

"ಪಾಸಾಗೋದಲ್ಲ ಚಿಕ್ಕಮ್ಮ," ಅಂದಳು. "ನನಗೆ ಎಷ್ಟು ಬರುತ್ತೆ ಅಂತ ಒಂದ್ಸಲ ಗೊತ್ತಾಗ್ಬೇಕಿತ್ತು. ಕಂಪ್ಯೂಟರ್ ಮುಂದೆ ನೋಡೋಕೆ ಯಾರ ಮುಖಾನೂ ಇರ್ಲಿಲ್ಲ."

ಫಲಿತಾಂಶ ಬಂತು. ಫೇಲು. ಭಾವನಿಗೆ ಈ ಬಿಟ್ಟುಬಂದ ವಿಷಯ ಹೇಳಬೇಡ ಅಂತ ಅವಳು ನನ್ನನ್ನು ಕೇಳಿಕೊಂಡಳು, ನಾನು ಹೇಳಿಲ್ಲ. ಅಕ್ಕ ಬಂದು ಅವಳನ್ನು ಭದ್ರಾವತಿಗೆ ಕರೆದುಕೊಂಡು ಹೋದಳು. ಹೋಗುವಾಗ ಹುಡುಗಿ ಬಟ್ಟೆಯ ಜೊತೆ ಪುಸ್ತಕಗಳನ್ನೂ ತುಂಬಿಕೊಂಡಳು. ಅದು ಇನ್ನೊಂದು ಸಲ ಓದಲಿಕ್ಕೋ, ನನ್ನ ಮನೆಯಲ್ಲಿ ಅವು ಇರಬಾರದು ಅಂತಲೋ, ಕೇಳಲಿಲ್ಲ. ಈಗ ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. ಊಟ ಆಯಿತಾ ಅಂತ ಕೇಳುತ್ತೇನೆ, ಆಯಿತು ಅನ್ನುತ್ತಾಳೆ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿದಳೋ ಇಲ್ಲವೋ ಅಕ್ಕನಿಗೂ ಗೊತ್ತಿಲ್ಲ.

ಅವಳಿಗೆ ಬಂದ ಅಂಕ ನಮಗೆಲ್ಲ ಗೊತ್ತಿದೆ, ಕಡಿಮೆ. ಆದರೆ ಎಷ್ಟು ಪ್ರಶ್ನೆ ಮುಟ್ಟಿದಳು ಅನ್ನುವುದನ್ನು ಅವಳು ಯಾರಿಗೂ ಹೇಳಿಲ್ಲ. ಸ್ವಲ್ಪವೇ ಮುಟ್ಟಿ ಹೆಚ್ಚುಕಡಿಮೆ ಎಲ್ಲ ಸರಿ ಬಂದಿದ್ದರೆ ಅದು ಒಂದು ಅರ್ಥ. ತುಂಬ ಮುಟ್ಟಿ ಇಷ್ಟೇ ಬಂದಿದ್ದರೆ ಇನ್ನೊಂದು. ನಿಜವಾಗಿ ಗೊತ್ತು ಅಂತ ಅವಳಿಗೆ ಅನಿಸಿದ್ದರಲ್ಲಿ ಎಷ್ಟು ಸರಿಯಿತ್ತು ಅನ್ನುವುದು ನನಗೆ ಗೊತ್ತಿಲ್ಲ. ಅವಳಿಗೆ ವೈದ್ಯವಿದ್ಯೆ ಬರುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ.